ಗಾಡ್‌ಫಾದರ್‌ನ ಮಾತುಗಳನ್ನು ಕೇಳಿಸಿಕೊಂಡವರು

ಪ್ರಶ್ನೆ: ‘ದಿ ಗಾಡ್‌ಫಾದರ್’ ಸರಣಿಯ ಮೂರೂ ಚಿತ್ರಗಳನ್ನು ಒಂದೇ ವಾರದಲ್ಲಿ ನೋಡಿದೆ. ಮೊದಲ ಎರಡರ ಮಾತುಗಳು ತಲೆಯಿಂದ ಹೋಗುತ್ತಿಲ್ಲ. ಮೂರನೆಯದರಲ್ಲಿ ಒಂದು ಸಾಲು ಬಿಟ್ಟರೆ ಏನೂ ನೆನಪಿಲ್ಲ. ಸೋಫಿಯಾ ಕೊಪ್ಪೊಲಾ ಅವರ ಅಭಿನಯವೇ ಅದನ್ನು ಕೆಡಿಸಿತು ಎಂದು ಎಲ್ಲರೂ ಹೇಳುತ್ತಾರೆ. ಒಬ್ಬ ನಟಿಯಿಂದ ಇಡೀ ಚಿತ್ರ ಕೆಡುತ್ತದೆಯೇ? ಮೊದಲ ಎರಡರಲ್ಲಿ ಕೆಟ್ಟ ನಟನೆಯೇ ಇಲ್ಲವೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಕೆಟ್ಟ ನಟನೆ ಇದೆ, ಧಾರಾಳವಾಗಿ ಇದೆ. 1972ರ ಮೊದಲ ಚಿತ್ರದಲ್ಲಿ, ಪಾತಕ ಕುಟುಂಬದ ಯಜಮಾನ ಡಾನ್ ವೀಟೊನ ಹಿರಿಯ ಮಗ ಸನ್ನಿ ತನ್ನ ತಂಗಿಯ ಗಂಡ ಕಾರ್ಲೊನನ್ನು ನಡುಬೀದಿಯಲ್ಲಿ ಹಿಡಿದು ಬಡಿಯುತ್ತಾನಲ್ಲ, ಆ ದೃಶ್ಯವನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ. ಒಂದು ಗುದ್ದು ಕಾರ್ಲೊನ ಮುಖಕ್ಕೆ ತಗಲುವುದೇ ಇಲ್ಲ. ಮುಷ್ಟಿ ಗಾಳಿಯಲ್ಲಿ ಹಾದುಹೋಗುತ್ತದೆ, ಇವನ ತಲೆ ಮಾತ್ರ ವಿಧೇಯವಾಗಿ ಹಿಂದಕ್ಕೆ ಎಗರುತ್ತದೆ. ಕಂಪನಿ ನಾಟಕದಲ್ಲಿ ಹೀಗಾಗಿದ್ದರೆ ಹಿಂದಿನ ಸಾಲಿನವರು ಸಿಳ್ಳೆ ಹಾಕುತ್ತಿದ್ದರು. ಕಾರ್ಲೊ ಆಗಿದ್ದ ಜಿಯಾನಿ ರೂಸೊಗೆ ಅದಕ್ಕೆ ಮೊದಲು ನಟನೆಯ ಅನುಭವವೇ ಇರಲಿಲ್ಲ. ಜಾನಿ ಫಾಂಟೇನ್ ಆಗಿದ್ದ ಆಲ್ ಮಾರ್ಟಿನೊ ಹೆಸರುವಾಸಿ ಗಾಯಕರು, ನಟರಲ್ಲ. ಡಾನ್‌ನ ಮುಂದೆ ಅಳುವಾಗ ಅವರು ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ. ಅಳು ಬಾರದ ನಟರೆಲ್ಲರ ಹಳೆಯ ಉಪಾಯ ಅದು. ಡಾನ್ ಆಗಿದ್ದ ಮಾರ್ಲನ್ ಬ್ರಾಂಡೊ ಅವರ ಕಪಾಳಕ್ಕೆ ಒಂದು ಕೊಟ್ಟು ‘ಗಂಡಸಾಗು’ ಎಂದು ಗದರಿದ ಮೇಲೆಯೇ ಆ ಮುಖಕ್ಕೆ ಜೀವ ಬರುವುದು.

ಎಲ್ಲಕ್ಕಿಂತ ಸ್ವಾರಸ್ಯವಾದದ್ದು ಲೂಕಾ ಬ್ರಾಸಿಯ ಪ್ರಸಂಗ. ಆ ಪಾತ್ರ ಮಾಡಿದ ಲೆನ್ನಿ ಮೊಂಟಾನ ಹಿಂದೆ ಕುಸ್ತಿಪಟುವಾಗಿದ್ದವರು, ಆಳು ಬೆಟ್ಟದಂತೆ. ಬ್ರಾಂಡೊ ಎದುರು ಕುಳಿತಾಗ ಆ ಬೆಟ್ಟ ಬೆವೆತುಹೋಯಿತು. ‘ನಿಮ್ಮ ಮಗಳ ಮದುವೆಗೆ... ನಿಮ್ಮ ಮಗಳ ಮದುವೆಯ ದಿನ...’ ಎಂದು ತಡವರಿಸಿ, ಮೊದಲ ಮಗು ಗಂಡಾಗಲಿ ಎಂಬ ಹಾರೈಕೆಗೆ ಹೇಗೋ ಬಂದು ಮುಟ್ಟಿದರು. ಬೇರೆ ನಿರ್ದೇಶಕರಾಗಿದ್ದರೆ ಆ ತುಣುಕನ್ನು ಕಸದ ಬುಟ್ಟಿಗೆ ಹಾಕುತ್ತಿದ್ದರು. ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಅದನ್ನು ಇಟ್ಟುಕೊಂಡರು. ಅಷ್ಟೇ ಅಲ್ಲ, ಮದುವೆಯ ತೋಟದಲ್ಲಿ ಲೂಕಾ ಒಬ್ಬನೇ ಕುಳಿತು ಆ ಮಾತನ್ನು ಉರು ಹೊಡೆಯುವ ಇನ್ನೊಂದು ದೃಶ್ಯವನ್ನು ಆಮೇಲೆ ಚಿತ್ರೀಕರಿಸಿ ಅದಕ್ಕಿಂತ ಮೊದಲು ಸೇರಿಸಿದರು. ಹಾಗಾಗಿ ಈಗ ನಮಗೆ ಕಾಣುವುದು ಹೆದರಿದ ನಟನಲ್ಲ. ಊರೇ ಹೆದರುವ ಕೊಲೆಗಡುಕ ಕೂಡ ಈ ಒಬ್ಬ ಮನುಷ್ಯನ ಮುಂದೆ ಶಾಲೆಯ ಹುಡುಗನಾಗುತ್ತಾನೆ ಎಂಬುದು. ಬ್ರಾಂಡೊ ಆಗ ಏನು ಮಾಡುತ್ತಿದ್ದಾರೆ ನೋಡಿ: ಏನೂ ಇಲ್ಲ, ತಾಳ್ಮೆಯಿಂದ ಕೇಳುತ್ತಿದ್ದಾರೆ. ಡಾನ್ ಎಷ್ಟು ದೊಡ್ಡವನೆಂದು ನಮಗೆ ತಿಳಿಸಿದ್ದು ಮೊಂಟಾನ ಅವರ ಆ ತೊದಲು.

ನಾನು ಬಹಳ ವರ್ಷ ಹವ್ಯಾಸಿ ತಂಡಗಳಿಗೆ ನಾಟಕ ಆಡಿಸಿದವನು. ತಾಲೀಮಿನಲ್ಲಿ ನನ್ನ ಗಂಟಲು ಒಣಗಿದ್ದೆಲ್ಲ ಒಂದೇ ಮಾತು ಹೇಳಿ ಹೇಳಿ: ನಿನ್ನ ಮಾತು ಬರುವವರೆಗೆ ಸುಮ್ಮನೆ ಕಾಯಬೇಡ, ಎದುರಿನವನ ಮಾತು ಕೇಳು. ತಾಳಮದ್ದಳೆ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎದುರಿನ ಅರ್ಥಧಾರಿ ಕಿವಿಗೊಡದಿದ್ದರೆ ಎಂಥ ಪಂಡಿತರ ವಾದವೂ ಭಾಷಣವಾಗಿಬಿಡುತ್ತದೆ. ಈ ಸರಣಿಯಲ್ಲಿ ಯಾವ ಮಾತು ಉಳಿಯಿತು, ಯಾವುದು ಉದುರಿತು ಎಂಬುದನ್ನು ಅದೇ ಒರೆಗಲ್ಲಿಗೆ ಹಚ್ಚಿ ನೋಡುವುದು ನನ್ನ ಚಾಳಿ.

ಮೊದಲ ಚಿತ್ರದ ಮೊದಲ ದೃಶ್ಯವನ್ನೇ ತೆಗೆದುಕೊಳ್ಳಿ. ಕತ್ತಲೆಯೊಳಗೆ ಒಂದು ಮುಖ, ತನಗೆ ಅಮೆರಿಕದ ಮೇಲೆ ನಂಬಿಕೆಯಿದೆ ಎನ್ನುತ್ತದೆ. ಹೆಣಗಳ ಸಂಸ್ಕಾರದ ಕಸುಬಿನ ಬೊನಾಸೆರಾ, ತನ್ನ ಮಗಳ ಮೇಲೆ ಕೈಮಾಡಿದ ಹುಡುಗರನ್ನು ನ್ಯಾಯಾಲಯ ಬಿಟ್ಟುಕಳಿಸಿದ ಕಥೆ ಹೇಳುತ್ತಾನೆ. ಕ್ಯಾಮೆರಾ ಬಹಳ ನಿಧಾನವಾಗಿ ಹಿಂದೆ ಸರಿಯುತ್ತಾ ಹೋಗುತ್ತದೆ, ಸರಿಯುತ್ತಾ ಸರಿಯುತ್ತಾ ಒಂದು ಭುಜ, ಒಂದು ಕೈ ಚೌಕಟ್ಟಿನೊಳಗೆ ಬರುತ್ತವೆ. ಇಷ್ಟು ಹೊತ್ತೂ ಯಾರೋ ಕೇಳುತ್ತಿದ್ದರು! ಡಾನ್ ವೀಟೊ ಕಾರ್ಲಿಯೋನೆ ನಮಗೆ ಪರಿಚಯವಾಗುವುದು ಕಿವಿಯಾಗಿ, ಬಾಯಿ ಆಮೇಲೆ. ಬಾಯಿ ತೆರೆದಾಗಲೂ ಅವನ ತಕರಾರು ಮರ್ಯಾದೆಯದು: ನೀನು ನನ್ನನ್ನು ‘ಗಾಡ್‌ಫಾದರ್’ ಎಂದು ಕರೆಯಬೇಕೆಂದೂ ಯೋಚಿಸಲಿಲ್ಲವಲ್ಲ. ನಾವು ‘ನೀನು’ ‘ನೀವು’ ಎಂಬ ಎರಡಕ್ಷರದಲ್ಲಿ ಮುಗಿಸುವ ವ್ಯವಹಾರವನ್ನು ಇಂಗ್ಲಿಷಿನಲ್ಲಿ ಸಾಧಿಸಲು ಅವರಿಗೆ ಇಡೀ ದೃಶ್ಯ ಬೇಕಾಯಿತು. ಕೊನೆಗೆ ಬೊನಾಸೆರಾ ಬಾಗಿ, ಕೈಗೆ ಮುತ್ತಿಟ್ಟು, ಆ ಪದ ಉಚ್ಚರಿಸಿದಾಗ ಅವನು ಬೆಲೆ ತೆತ್ತ ಸದ್ದು ಕೇಳಿಸುತ್ತದೆ.

ಬ್ರಾಂಡೊ ಬಗ್ಗೆ ಒಂದು ಮಾತು. ಅವರು ಸಾಲುಗಳನ್ನು ಬಾಯಿಪಾಠ ಮಾಡುತ್ತಿರಲಿಲ್ಲ. ಸಂಭಾಷಣೆ ಬರೆದ ರಟ್ಟುಗಳನ್ನು ಅಲ್ಲಲ್ಲಿ ಇಡಿಸಿಕೊಳ್ಳುತ್ತಿದ್ದರು. ರಾಬರ್ಟ್ ಡುವಾಲ್ ಎದೆಯ ಮೇಲೆ ಅಂಥದೊಂದು ರಟ್ಟು ಇಟ್ಟುಕೊಂಡು ನಿಂತ ಫೋಟೊ ಪ್ರಸಿದ್ಧವಾಗಿದೆ. ನನ್ನ ತಂಡದ ಹುಡುಗ ಹೀಗೆ ಮಾಡಿದ್ದರೆ ಅಂದೇ ಮನೆಗೆ ಕಳಿಸುತ್ತಿದ್ದೆ. ಬ್ರಾಂಡೊ ವಿಷಯದಲ್ಲಿ ಮಾತ್ರ ಆ ಹುಡುಕುವ ಕಣ್ಣು ತೂಕ ಮಾಡಿ ಮಾತಾಡುವ ಮುದುಕನ ಕಣ್ಣಾಗಿಬಿಟ್ಟಿತು. ಆಗ ಅವರಿಗಿನ್ನೂ ನಲವತ್ತೇಳು ವರ್ಷ.

ಎಲ್ಲರ ಬಾಯಲ್ಲಿರುವ ಸಾಲಿಗೆ ಬರೋಣ. ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2005ರಲ್ಲಿ ಮಾಡಿದ ನೂರು ಸಿನಿಮಾ ಮಾತುಗಳ ಪಟ್ಟಿಯಲ್ಲಿ ಅದಕ್ಕೆ ಎರಡನೆಯ ಸ್ಥಾನ. ಕನ್ನಡದಲ್ಲಿ ಅದನ್ನು ‘ತಿರಸ್ಕರಿಸಲಾಗದ ಪ್ರಸ್ತಾಪ’ ಎಂದು ಮಾಡಿದರೆ ತಾಲ್ಲೂಕು ಕಚೇರಿಯ ಕಡತದ ವಾಸನೆ ಹೊಡೆಯುತ್ತದೆ. ‘ಅವನು ಬೇಡ ಎನ್ನಲಾಗದಂಥ ಮಾತು ಅವನ ಮುಂದಿಡುತ್ತೇನೆ’ ಎಂದರೆ ಸ್ವಲ್ಪ ಹತ್ತಿರ. ಆದರೆ ಸಾಲಿನ ಬಲ ಅದರ ಪದಗಳಲ್ಲಿಲ್ಲ. ಡಾನ್ ಅದನ್ನು ಜಾನಿಗೆ ಹೇಳುವ ಸ್ವಲ್ಪ ಹೊತ್ತಿಗೆ ಮುಂಚೆ, ಹೊರಗೆ ತೋಟದಲ್ಲಿ ಡಾನ್‌ನ ಕಿರಿಯ ಮಗ ಮೈಕಲ್ ತನ್ನ ಗೆಳತಿ ಕೇಗೆ ಅದೇ ಮಾತಿನ ಅರ್ಥವನ್ನು ಬಿಡಿಸಿ ಹೇಳಿರುತ್ತಾನೆ: ಒಬ್ಬನ ತಲೆಗೆ ಲೂಕಾ ಪಿಸ್ತೂಲು ಹಿಡಿದಿದ್ದ, ಕರಾರುಪತ್ರದ ಮೇಲೆ ಅವನ ಸಹಿ ಬೀಳಬೇಕು ಇಲ್ಲವೇ ಅವನ ಮಿದುಳು ಬೀಳಬೇಕು ಎಂದು ಅಪ್ಪ ತಿಳಿಸಿದ. ಕೇಯ ಮುಖದ ನಗು ಆರುವುದನ್ನು ನಾವು ಆಗಲೇ ನೋಡಿರುತ್ತೇವೆ. ಆದ್ದರಿಂದ ಡಾನ್ ಆ ಸಾಲನ್ನು ಮೊಮ್ಮಗನಿಗೆ ಮಿಠಾಯಿ ಕೊಡಿಸುವ ದನಿಯಲ್ಲಿ ಹೇಳಿದರೂ ನಮಗೆ ಚಳಿ ಹತ್ತುತ್ತದೆ.

‘ಪಿಸ್ತೂಲು ಅಲ್ಲೇ ಬಿಡು, ಕನೋಲಿ ತಗೋ’ ಎಂಬುದೂ ಹೀಗೆಯೇ. ಡಾನ್‌ನ ಬಂಟ ಕ್ಲೆಮೆಂಜಾ ಮನೆಯಿಂದ ಹೊರಡುವಾಗ ಹೆಂಡತಿ ಕನೋಲಿ ತರಲು ಮರೆಯಬೇಡಿ ಎಂದಿರುತ್ತಾಳೆ. ಕನೋಲಿ ಎಂದರೆ ಸಿಸಿಲಿಯ ಕೆನೆ ತುಂಬಿದ ಸಿಹಿ ಸುರುಳಿ. ಚಿತ್ರಕಥೆಯಲ್ಲಿ ಇದ್ದದ್ದು ಪಿಸ್ತೂಲಿನ ಅರ್ಧ ಮಾತ್ರ, ಉಳಿದರ್ಧ ನಟ ರಿಚರ್ಡ್ ಕ್ಯಾಸ್ಟೆಲಾನೊ ಕ್ಯಾಮೆರಾ ಮುಂದೆಯೇ ಸೇರಿಸಿದ್ದು. ಕಾರಿನಲ್ಲಿ ಹೆಣ, ದೂರದಲ್ಲಿ ಸ್ವಾತಂತ್ರ್ಯ ದೇವಿಯ ಪ್ರತಿಮೆ, ಈ ಮನುಷ್ಯನ ತಲೆಯಲ್ಲಿ ಹೆಂಡತಿ ಹೇಳಿದ ಕೆಲಸ. ಹೆಂಡತಿಯ ಮಾತನ್ನು ಅವನು ಕೇಳಿಸಿಕೊಂಡಿದ್ದ, ಅಷ್ಟೇ.

ಮೈಕಲ್‌ನ ‘ಇದು ವೈಯಕ್ತಿಕವಲ್ಲ, ಬರೀ ವ್ಯವಹಾರ’ ಎಂಬ ಮಾತನ್ನು ಇಂದು ಮ್ಯಾನೇಜ್‌ಮೆಂಟ್ ಪಾಠ ಹೇಳುವವರು ಕೂಡ ಉದ್ಧರಿಸುತ್ತಾರೆ. ಅವರು ದೃಶ್ಯ ನೋಡಿಲ್ಲವೆಂದು ನನ್ನ ಗುಮಾನಿ. ಆ ಹೊತ್ತಿಗೆ ಅಪ್ಪನಿಗೆ ಗುಂಡೇಟು ಬಿದ್ದಿದೆ, ಪೊಲೀಸ್ ಅಧಿಕಾರಿ ಗುದ್ದಿದ್ದಕ್ಕೆ ಮೈಕಲ್‌ನ ದವಡೆ ಊದಿದೆ. ಅಪ್ಪನಿಗೆ ಗುಂಡು ಹೊಡೆಸಿದವನನ್ನೂ ಆ ಅಧಿಕಾರಿಯನ್ನೂ ನಾನೇ ಕೊಲ್ಲುತ್ತೇನೆ ಎಂದಾಗ ಕೋಣೆಯಲ್ಲಿದ್ದವರೆಲ್ಲ ನಗುತ್ತಾರೆ. ಸನ್ನಿ ಗೇಲಿ ಮಾಡುತ್ತಾನೆ. ಆ ನಗೆಗೆ ಉತ್ತರವಾಗಿ ಬರುವ ಸಾಲು ಅದು, ಅಂದರೆ ಅಪ್ಪಟ ವೈಯಕ್ತಿಕ. ಮಾರಿಯೊ ಪೂಜೊ ಅವರ 1969ರ ಕಾದಂಬರಿಯಲ್ಲಂತೂ ಎಲ್ಲ ವ್ಯವಹಾರವೂ ವೈಯಕ್ತಿಕವೇ ಎಂದು ಮೈಕಲ್ ನೇರವಾಗಿ ಹೇಳುತ್ತಾನೆ. ಚಿತ್ರ ಅದನ್ನು ಹೇಳದೆ ತೋರಿಸುತ್ತದೆ. ಕೊನೆಯಲ್ಲಿ ದ್ರೋಹಿ ಟೆಸಿಯೊನನ್ನು ಕೊಲ್ಲಲು ಕರೆದೊಯ್ಯುವಾಗ ಅವನೂ ಇದು ಬರೀ ವ್ಯವಹಾರವಾಗಿತ್ತೆಂದು ಮೈಕಲ್‌ಗೆ ಹೇಳಿ ಎನ್ನುತ್ತಾನೆ. ಕೇಳಿಸಿಕೊಂಡ ಕುಟುಂಬದ ವಕೀಲ ಟಾಮ್ ಹೇಗನ್ (ಡುವಾಲ್ ಅವರ ಪಾತ್ರ) ಮುಖದಲ್ಲಿ ಒಂದು ಗೆರೆಯೂ ಕದಲುವುದಿಲ್ಲ. ಅಂದಹಾಗೆ ಈ ಚಿತ್ರದಲ್ಲಿ ‘ಮಾಫಿಯಾ’ ಎಂಬ ಪದವೇ ಇಲ್ಲ; ಇಟಾಲಿಯನ್ ಅಮೆರಿಕನ್ನರ ಸಂಘಟನೆಯೊಂದರ ಜೊತೆ ಆದ ಒಪ್ಪಂದದಂತೆ ಅದನ್ನು ಕೈಬಿಟ್ಟರು. ‘ಕುಟುಂಬ’, ‘ವ್ಯವಹಾರ’ ಎಂಬ ಮನೆಮಾತುಗಳೇ ಆ ಜಾಗ ತುಂಬಿದವು. ಚಿತ್ರಕ್ಕೆ ಒಳ್ಳೆಯದೇ ಆಯಿತು.

ಡಯೇನ್ ಕೀಟನ್ ಅವರ ಕೇಯನ್ನು ಪೇಲವ ಎನ್ನುವವರಿದ್ದಾರೆ. ನಾನೂ ಹಿಂದೆ ಹಾಗೆ ಅಂದುಕೊಂಡಿದ್ದೆ. ಕೊನೆಯ ಎರಡು ನಿಮಿಷ ನೋಡಿ ಅಭಿಪ್ರಾಯ ಬದಲಿಸಿಕೊಂಡೆ. ಕಾರ್ಲೊನನ್ನು ಮೈಕಲ್ಲೇ ಕೊಲ್ಲಿಸಿದ ಎಂಬ ಆರೋಪ ಕೇಳಿದ ಕೇ ‘ಇದು ನಿಜವೇ?’ ಎಂದು ಕೇಳುತ್ತಾಳೆ. ಮೈಕಲ್ ‘ಇಲ್ಲ’ ಎನ್ನುತ್ತಾನೆ. ನನ್ನ ಮಟ್ಟಿಗೆ ಇಡೀ ಸರಣಿಯ ಅತ್ಯಂತ ಭೀಕರ ಸಂಭಾಷಣೆ ಆ ಎರಡಕ್ಷರ. ಬಾಗಿಲು ಮುಚ್ಚುವಾಗ ಉಳಿಯುವುದು ಕೇಳಿಸಿಕೊಂಡವಳ ಮುಖ, ಹೇಳಿದವನದಲ್ಲ.

1974ರ ಎರಡನೆಯ ಭಾಗದ ಬಗ್ಗೆ ಬರೆಯಹೊರಟರೆ ಪುಟ ಸಾಲದು. ಯುವಕ ವೀಟೊ ಆಗಿದ್ದ ರಾಬರ್ಟ್ ಡಿ ನಿರೊ ಬಹುಪಾಲು ಸಿಸಿಲಿಯನ್ ಭಾಷೆಯಲ್ಲೇ ಮಾತಾಡಿ ಆಸ್ಕರ್ ಪಡೆದರು, ಒಂದೇ ಪಾತ್ರಕ್ಕೆ ಬ್ರಾಂಡೊ ಆದಮೇಲೆ ಎರಡನೆಯವರಾಗಿ. ಅದು ಎಲ್ಲರಿಗೂ ಗೊತ್ತು. ‘ಮಿತ್ರರನ್ನು ಹತ್ತಿರ ಇಟ್ಟುಕೋ, ಶತ್ರುಗಳನ್ನು ಇನ್ನೂ ಹತ್ತಿರ’ ಎಂಬುದು ಚಾಣಕ್ಯನದ್ದು ಎಂದು ಹಂಚುವವರಿಗೆ ತಿಳಿಸಿ, ಅದು ಈ ಚಿತ್ರದಲ್ಲಿ ಮೈಕಲ್ ತನ್ನ ಅಪ್ಪನ ಹೆಸರಿನಲ್ಲಿ ಹೇಳುವ ಮಾತು. ನಾನು ನಿಲ್ಲಬೇಕೆಂದಿರುವುದು ಮೈಕಲ್‌ನ ಅಣ್ಣ ಫ್ರೆಡೊ ಹತ್ತಿರ.

ಆ ಪಾತ್ರ ಮಾಡಿದ ಜಾನ್ ಕಜಾಲ್ ಬದುಕಿದ್ದಾಗ ನಟಿಸಿದ್ದು ಐದೇ ಚಿತ್ರಗಳಲ್ಲಿ. ಐದೂ ಶ್ರೇಷ್ಠ ಚಿತ್ರದ ಆಸ್ಕರ್‌ಗೆ ನಾಮನಿರ್ದೇಶನಗೊಂಡವು. ಅವರಿಗೆ ಒಮ್ಮೆಯೂ ನಾಮನಿರ್ದೇಶನ ಸಿಗಲಿಲ್ಲ, 1978ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಹವಾನಾದ ದೃಶ್ಯ ನೆನಪಿಸಿಕೊಳ್ಳಿ. ಶತ್ರುವಿನ ಕಡೆಯವನಾದ ಜಾನಿ ಓಲಾ ತನಗೆ ಗೊತ್ತೇ ಇಲ್ಲ ಎಂದಿದ್ದ ಫ್ರೆಡೊ, ಕುಡಿದ ಅಮಲಿನಲ್ಲಿ ಈ ಜಾಗಕ್ಕೆ ಕರೆತಂದವನು ಜಾನಿ ಓಲಾನೇ ಎಂದು ಬಾಯಿಬಿಡುತ್ತಾನೆ. ಮಾತಾಡುತ್ತಿರುವವನು ಹಿಂದೆ; ಮುಂದೆ ಮೈಕಲ್‌ನ ಮುಖ. ಅಲ್ ಪಚೀನೊ ತಿರುಗಿ ನೋಡುವುದಿಲ್ಲ. ಕಣ್ಣಿನೊಳಗೆ ಏನೋ ಕಮರಿಹೋಗುತ್ತದೆ. ಆಮೇಲೆ ಹೊಸ ವರ್ಷದ ಗದ್ದಲದಲ್ಲಿ ಅಣ್ಣನ ತಲೆ ಹಿಡಿದು ಮುತ್ತು ಕೊಟ್ಟು ‘ನೀನೇ ಅಂತ ನನಗೆ ಗೊತ್ತು, ಫ್ರೆಡೊ. ನನ್ನ ಎದೆ ಒಡೆದೆ’ ಎಂದಾಗ ಆ ಮಾತಿಗೆ ಬೇಕಾದ ಸೌದೆಯೆಲ್ಲ ಮೊದಲೇ ಒಟ್ಟಿದೆ.

ನಂತರ ದೋಣಿಮನೆಯ ದೃಶ್ಯ. ಕಿಟಕಿಯಾಚೆ ಹಿಮ. ಫ್ರೆಡೊ ಒಂದು ಒರಗು ಕುರ್ಚಿಯಲ್ಲಿ ಹೂತುಹೋಗಿದ್ದಾನೆ. ನಾನು ನಿನ್ನ ಅಣ್ಣ, ನನ್ನನ್ನು ದಾಟಿಕೊಂಡು ಹೋದಿರಿ, ನಾನು ದಡ್ಡನಲ್ಲ, ನನಗೂ ಮರ್ಯಾದೆ ಬೇಕು ಎಂದು ಕೂಗುತ್ತಾನೆ. ಕೂಗಲು ಮೈ ಎತ್ತುತ್ತಾನೆ, ಕುರ್ಚಿ ಮತ್ತೆ ಕೆಳಕ್ಕೆ ಎಳೆಯುತ್ತದೆ. ಸಿಟ್ಟಿಗೆ ಎದ್ದು ನಿಲ್ಲುವ ಯೋಗ್ಯತೆಯನ್ನೂ ಆ ಕುರ್ಚಿ ಕೊಡುವುದಿಲ್ಲ. ಅಣ್ಣ ಎಂಬ ಪದಕ್ಕೆ ಇಷ್ಟು ತೂಕವಿರುವ ಭಾಷೆಯವರಾದ ನಮಗೆ, ತಮ್ಮ ಹೆಸರು ಹಿಡಿದು ಕರೆಯುತ್ತಾ ‘ನೀನು ನನಗೆ ಅಣ್ಣನಲ್ಲ, ಗೆಳೆಯನಲ್ಲ, ಏನೂ ಅಲ್ಲ’ ಎನ್ನುವುದು ಅಮೆರಿಕದ ಪ್ರೇಕ್ಷಕರಿಗಿಂತ ಹೆಚ್ಚೇ ಕೊರೆಯುತ್ತದೆ ಎಂದು ನನಗನ್ನಿಸುತ್ತದೆ. ಹೊರಗೆ ಬಂದು ಮೈಕಲ್ ತನ್ನ ಬಂಟ ನೇರಿಗೆ ಹೇಳುವುದು ಒಂದೇ ಮಾತು: ಅಮ್ಮ ಬದುಕಿರುವ ತನಕ ಅವನಿಗೆ ಏನೂ ಆಗಬಾರದು. ಈ ಸಾಲನ್ನು ನೆನಪಿಡಿ, ಮತ್ತೆ ಬೇಕಾಗುತ್ತದೆ.

ಇದೇ ಚಿತ್ರದಲ್ಲಿ ಕುಟುಂಬದ ಹಳೆಯ ಬಂಟ ಫ್ರಾಂಕ್ ಪೆಂಟಾಂಜೆಲಿ ಸೆನೆಟ್ ಸಮಿತಿಯ ಮುಂದೆ ಮೈಕಲ್ ವಿರುದ್ಧ ಸಾಕ್ಷಿ ಹೇಳಲು ಬರುತ್ತಾನೆ. ಸಿಸಿಲಿಯಿಂದ ಕರೆತಂದ ಅವನ ಒಡಹುಟ್ಟಿದವನು ಮೈಕಲ್ ಪಕ್ಕದಲ್ಲಿ ಕುಳಿತಿದ್ದಾನೆ. ಒಂದೂ ಮಾತಾಡುವುದಿಲ್ಲ, ಸುಮ್ಮನೆ ನೋಡುತ್ತಾನೆ. ಪೆಂಟಾಂಜೆಲಿಯ ಸಾಕ್ಷಿ ಅಲ್ಲಿಯೇ ಮಗುಚುತ್ತದೆ. ಪೆಂಟಾಂಜೆಲಿ ಆಗಿದ್ದ ನಟ ಮೈಕಲ್ ಗಾಜೊ ಅದ್ಭುತವಾಗಿ ಮಾಡಿದ್ದಾರೆ, ನಿಜ. ಆದರೆ ದೃಶ್ಯ ಗೆದ್ದುಕೊಂಡದ್ದು ಬಾಯಿ ತೆರೆಯದ ಆ ಹಳ್ಳಿಗ.

ಈಗ 1990ರ ಮೂರನೆಯ ಭಾಗ. ನಿಮಗೆ ನೆನಪಿರುವ ಒಂದು ಸಾಲು ಯಾವುದೆಂದು ಊಹಿಸಬಲ್ಲೆ: ‘ಹೊರಗೆ ಬಂದೆ ಎಂದುಕೊಂಡಾಗಲೇ ಮತ್ತೆ ಒಳಗೆಳೆಯುತ್ತಾರೆ.’ ಪಚೀನೊ ಅದನ್ನು ಮುಷ್ಟಿ ಬಿಗಿದು ಆರ್ಭಟಿಸುತ್ತಾರೆ. ಸಾಲು ಗಟ್ಟಿಯಾಗಿದೆ, ಜನ ಅನುಕರಿಸುತ್ತಾರೆ. ಆದರೆ ಯಾರಿಗೆ ಹೇಳುತ್ತಿದ್ದಾನೆ? ಅಡುಗೆಮನೆಯಲ್ಲಿ ತಂಗಿ ಕಾನಿ ಇದ್ದಾಳೆ, ಸನ್ನಿಯ ಮಗ ವಿನ್ಸೆಂಟ್ ಇದ್ದಾನೆ, ನೇರಿ ಇದ್ದಾನೆ. ಮಾತು ಅವರ ತಲೆಯ ಮೇಲಿಂದ ಹಾದು ನೇರ ನಮ್ಮ ಬಳಿಗೆ ಬರುತ್ತದೆ. ಶತ್ರುಗಳನ್ನು ದ್ವೇಷಿಸಬೇಡ, ಅದರಿಂದ ವಿವೇಚನೆ ಕೆಡುತ್ತದೆ ಎಂಬಂಥ ಉಪದೇಶಗಳು ಇಲ್ಲಿ ಬೇಕಾದಷ್ಟಿವೆ. ಗೋಡೆಗೆ ತೂಗುಹಾಕಬಹುದಾದ ಮಾತುಗಳು. ಮೊದಲೆರಡರಲ್ಲಿ ಪಚೀನೊ ದನಿ ತಗ್ಗಿಸಿದಾಗ ಕೋಣೆಯವರೆಲ್ಲ ಮುಂದಕ್ಕೆ ಬಾಗುತ್ತಿದ್ದರು. ಇಲ್ಲಿ ಬಾಗುವವರು ಉಳಿದಿಲ್ಲ. ಸನ್ನಿ ಇಲ್ಲ, ಫ್ರೆಡೊನನ್ನು ತಾನೇ ಕೊಲ್ಲಿಸಿದ್ದಾನೆ. ಎಲ್ಲಕ್ಕಿಂತ ದೊಡ್ಡ ನಷ್ಟ ಟಾಮ್ ಹೇಗನ್. ಪಚೀನೊಗೆ ಕೊಡುವ ಸಂಭಾವನೆಗೂ ತನ್ನದಕ್ಕೂ ಇದ್ದ ಅಂತರ ಒಪ್ಪದೆ ಡುವಾಲ್ ಹೊರಗುಳಿದರು, ಪಾತ್ರವನ್ನು ಸತ್ತಂತೆ ಮಾಡಿದರು. ಎರಡು ಚಿತ್ರಗಳುದ್ದಕ್ಕೂ ಬಾಗಿಲ ಬಳಿ, ಮೇಜಿನ ಪಕ್ಕ, ಕಾರಿನಲ್ಲಿ ನಿಂತು ಕುಳಿತು ಕೇಳಿಸಿಕೊಂಡವರು ಅವರೇ. ಅವರ ಜಾಗಕ್ಕೆ ಬಂದ ಜಾರ್ಜ್ ಹ್ಯಾಮಿಲ್ಟನ್ ಒಳ್ಳೆಯ ಸೂಟು ಹಾಕಿದ್ದಾರೆ ಎಂಬುದಕ್ಕಿಂತ ಹೆಚ್ಚಿಗೆ ನನಗೆ ಹೇಳಲು ತೋಚುವುದಿಲ್ಲ. ಮೂರನೆಯ ಭಾಗದ ಗಾಯ ಎಲ್ಲಿದೆ ಎಂದು ಕೇಳಿದರೆ ನಾನು ಬೆರಳು ತೋರಿಸುವುದು ಅಲ್ಲಿಗೆ.

ಸೋಫಿಯಾ ವಿಷಯಕ್ಕೆ ಬಂದರೆ, ಆಕೆಯನ್ನು ಸಮರ್ಥಿಸಲು ನಾನು ಹೊರಟಿಲ್ಲ. ಮೈಕಲ್‌ನ ಮಗಳು ಮೇರಿಯ ಪಾತ್ರಕ್ಕೆ ಆಯ್ಕೆಯಾಗಿದ್ದವರು ವಿನೋನಾ ರೈಡರ್. ಬಳಲಿಕೆಯಿಂದ ಅವರು ಕೊನೆಗಳಿಗೆಯಲ್ಲಿ ಹಿಂದೆ ಸರಿದರು. ನಿರ್ದೇಶಕರು ಸ್ಟುಡಿಯೊದವರ ವಿರೋಧ ಲೆಕ್ಕಿಸದೆ ಹದಿನೆಂಟರ ಸ್ವಂತ ಮಗಳನ್ನು ನಿಲ್ಲಿಸಿದರು. ಮಾತುಗಳನ್ನು ಆಕೆ ಒಪ್ಪಿಸುತ್ತಾಳೆ, ಆಡುವುದಿಲ್ಲ. ಕೆಟ್ಟ ಅಭಿನಯಕ್ಕೆ ಕೊಡುವ ಗೋಲ್ಡನ್ ರಾಸ್‌ಬೆರಿ ಪ್ರಶಸ್ತಿ ಎರಡು ಬಂದವು. ಜೊತೆಗಾರ ಆಂಡಿ ಗಾರ್ಸಿಯಾಗೆ ಆಸ್ಕರ್ ನಾಮನಿರ್ದೇಶನ ಬಂತು. ಆದರೂ ಅವರಿಬ್ಬರೂ ಅಡುಗೆಮನೆಯಲ್ಲಿ ಹಿಟ್ಟಿನ ನ್ಯೋಕಿ ಉರುಳಿಸುವ ದೃಶ್ಯದಲ್ಲಿ, ಕೈ ಮೇಲೆ ಕೈ, ಮಾತು ಕಡಿಮೆ, ಆಕೆ ಸಲೀಸಾಗಿದ್ದಾಳೆ. ಲೂಕಾನ ತೊದಲನ್ನು ಕಾಪಾಡಿದ ಅದೇ ನಿರ್ದೇಶಕರು ಮಗಳಿಗೆ ಅಂಥ ಆಸರೆ ಕಟ್ಟಿಕೊಡಲಿಲ್ಲ. ಅಳುಕುವ ಹುಡುಗಿಯನ್ನು ಅಳುಕುವ ಹುಡುಗಿಯಾಗಿಯೇ ಬರೆದಿದ್ದರೆ ಸಾಕಾಗಿತ್ತು. ಮೊದಲ ಚಿತ್ರದಲ್ಲಿ ಅವಳಿಗೆ ಸಂಭಾಷಣೆಯೇ ಇರಲಿಲ್ಲ, ಚೆನ್ನಾಗಿಯೇ ಮಾಡಿದ್ದಳು. ಗೊತ್ತಿಲ್ಲವೇ? ಚರ್ಚಿನಲ್ಲಿ ಮೈಕಲ್ ‘ಸೈತಾನನನ್ನು ತ್ಯಜಿಸುತ್ತೇನೆ’ ಎನ್ನುತ್ತಿರುವಾಗ, ಊರಿನ ಬೇರೆ ಬೇರೆ ಕಡೆ ಅವನ ಶತ್ರುಗಳ ಹೆಣ ಬೀಳುತ್ತಿರುವಾಗ, ನೀರು ಹಾಕಿಸಿಕೊಳ್ಳುವ ಆ ಎಳೆಗೂಸು ಸೋಫಿಯಾ. ನಮ್ಮ ಚಿತ್ರರಂಗದಲ್ಲಿ ‘ಅವನಿಗೆ ಗಾಡ್‌ಫಾದರ್ ಇಲ್ಲ’ ಎಂದರೆ ಬೆನ್ನಿಗೆ ನಿಲ್ಲುವವರಿಲ್ಲ ಎಂದರ್ಥ. ಪದದ ಅಸಲು ಅರ್ಥ ಮಾತ್ರ ಈ ದೃಶ್ಯದಲ್ಲಿದೆ: ಮಗುವಿನ ದೀಕ್ಷಾಸ್ನಾನದಲ್ಲಿ ಅದರ ಪರವಾಗಿ ಮಾತು ಕೊಡುವವನು.

2020ರಲ್ಲಿ ಕೊಪ್ಪೊಲಾ ಮೂರನೆಯ ಭಾಗವನ್ನು ಮರುಸಂಕಲನ ಮಾಡಿ ಹೊಸ ಹೆಸರಿನಲ್ಲಿ ಬಿಟ್ಟರು. ಓಟ ಚುರುಕಾಗಿದೆ. ಟಾಮ್ ಹೇಗನ್‌ನನ್ನು ಸಂಕಲನದ ಮೇಜಿನ ಮೇಲೆ ಹುಟ್ಟಿಸಲು ಸಾಧ್ಯವಿಲ್ಲವಲ್ಲ.

ಆದರೂ ಮೂರನೆಯ ಭಾಗವನ್ನು ಒಮ್ಮೆ, ಒಂದೇ ದೃಶ್ಯಕ್ಕಾಗಿ, ಮತ್ತೆ ಹಾಕಿ. ಮೈಕಲ್ ಕಾರ್ಡಿನಲ್ ಲಾಂಬೆರ್ಟೊ ಅವರನ್ನು ಕಾಣಲು ಹೋಗುತ್ತಾನೆ. ಪಾತ್ರ ರಾಫ್ ವಲ್ಲೋನೆ ಅವರದು. ಅವರು ಕೊಳದಿಂದ ಒಂದು ಕಲ್ಲು ಎತ್ತಿ ಒಡೆದು ತೋರಿಸುತ್ತಾರೆ: ಎಷ್ಟೋ ಕಾಲ ನೀರಿನಲ್ಲಿದ್ದರೂ ಒಳಗೆ ಒಣಗಿದೆ. ಮೈಕಲ್‌ಗೆ ಸಕ್ಕರೆ ಕಾಯಿಲೆ, ಒಮ್ಮೆಲೇ ನಿತ್ರಾಣವಾಗಿ ಏನಾದರೂ ಸಿಹಿ ಬೇಕೆಂದು ಕೇಳುತ್ತಾನೆ. ಕಿತ್ತಳೆ ರಸ ಕುಡಿದು, ಸಿಹಿ ಬಾಯಿಗೆ ಹಾಕಿಕೊಂಡು ಸುಧಾರಿಸಿಕೊಂಡ ಮೇಲೆ ಪಾಪನಿವೇದನೆ ಶುರುವಾಗುತ್ತದೆ. ಮೊದಲು ಹೆಂಡತಿಗೆ ಮಾಡಿದ ದ್ರೋಹ. ಆಮೇಲೆ ಕೊಲೆಗಳು. ವಲ್ಲೋನೆ ಬಲವಂತ ಮಾಡುವುದಿಲ್ಲ, ಮುಂದೆ ಹೇಳು ಎನ್ನುತ್ತಾರೆ, ಕಾಯುತ್ತಾರೆ. ಆಗ ಪಚೀನೊ ಹದಿನಾರು ವರ್ಷಗಳ ಹಿಂದಿನ ತಗ್ಗುದನಿಗೆ ಮರಳುತ್ತಾರೆ. ಅಮ್ಮ ಬದುಕಿರುವ ತನಕ ಎಂದು ಕಾದಿದ್ದವನ ಬಾಯಿಂದ ಬರುತ್ತದೆ: ‘ನನ್ನ ತಾಯಿಯ ಮಗನನ್ನು ಕೊಂದೆ. ನನ್ನ ತಂದೆಯ ಮಗನನ್ನು ಕೊಂದೆ.’ ಇದಕ್ಕೆ ಅನುವಾದದ ತೊಡಕೇ ಇಲ್ಲ, ಕನ್ನಡದಲ್ಲೇ ಹುಟ್ಟಿದ ಮಾತಿನಂತಿದೆ. ಹೇಳುತ್ತಾ ಅವನು ಅಳುತ್ತಾನೆ, ಕೈಯಲ್ಲಿ ಮುಖ ಮುಚ್ಚಿಕೊಂಡೇ ಅಳುತ್ತಾನೆ. ಆಲ್ ಮಾರ್ಟಿನೊ ಮಾಡಿದ್ದೂ ಅದನ್ನೇ. ಈ ಸಲ ನನಗೆ ದೂರು ಇಲ್ಲ.

ಅದಾದ ಮೇಲೆ ಪಲೆರ್ಮೊದ ಒಪೆರಾ ಮಂದಿರದ ಮೆಟ್ಟಿಲು. ಅಪ್ಪನಿಗಿಟ್ಟ ಗುರಿ ಮಗಳಿಗೆ ತಗಲುತ್ತದೆ. ಸೋಫಿಯಾ ‘ಡ್ಯಾಡ್?’ ಎನ್ನುತ್ತಾಳೆ, ಬೀಳುತ್ತಾಳೆ. ಆ ಒಂದು ಪದವನ್ನು ಗೇಲಿ ಮಾಡಿದವರೇ ಹೆಚ್ಚು. ನನಗದು ಆಕೆಯ ಒಂದೇ ಒಂದು ನಿಜವಾದ ಸಾಲು ಅನ್ನಿಸುತ್ತದೆ. ಏನಾಯಿತೆಂದು ತಿಳಿಯದ ಹುಡುಗಿ ಅಪ್ಪನನ್ನು ಕೇಳುತ್ತಿದ್ದಾಳೆ. ಪಚೀನೊ ಬಾಯಿ ತೆರೆದು ಚೀರುತ್ತಾರೆ. ಚಿತ್ರ ಆ ಚೀರಾಟದ ಸದ್ದನ್ನು ತೆಗೆದುಬಿಟ್ಟಿದೆ, ತೆರೆದ ಬಾಯಿ ಮಾತ್ರ ಕಾಣುತ್ತದೆ, ಸಂಗೀತ ಹರಿಯುತ್ತಿರುತ್ತದೆ. ಬಹಳ ಹೊತ್ತಿನ ಮೇಲೆ ಉಸಿರಿನ ಜೊತೆ ಸದ್ದು ಬರುತ್ತದೆ. ಆಗ ಪಚೀನೊ ಕಡೆ ನೋಡಬೇಡಿ, ಪಕ್ಕದ ಕೇಯ ಕಡೆ ನೋಡಿ: ತಾನೂ ಅಳುತ್ತಿದ್ದವಳು ಒಂದು ಕ್ಷಣ ಅಳು ನಿಲ್ಲಿಸಿ ಗಂಡನಾಗಿದ್ದವನನ್ನು ದಿಟ್ಟಿಸುತ್ತಾಳೆ.